ಮಕ್ಕಳ ಕೈಗೆ ಸರ್ವೆಯರ್ ಆಟಿಕೆ: ಊರಿನ ಹತ್ತು ಸೆಂಟ್ಸ್ ಎಷ್ಟು ದೊಡ್ಡದು?

ಮುಂಬಯಿ: ಡಾಕ್ಟರ್ ಸೆಟ್, ಅಡುಗೆ ಸೆಟ್, ಪೊಲೀಸ್ ಜೀಪು, ಜೆಸಿಬಿ. ದಾದರಿನ ಫುಟ್‌ಪಾತಿನಿಂದ ಮಾಲ್‌ಗಳ ತನಕ ಎಲ್ಲ ಉದ್ಯೋಗಕ್ಕೂ ಒಂದೊಂದು ಆಟಿಕೆ ಉಂಟು. ಭೂಮಿ ಅಳೆಯುವ ಸರ್ವೆಯರ್‌ಗೆ ಮಾತ್ರ ಆ ಭಾಗ್ಯ ಅಪರೂಪ. ಜರ್ಮನಿಯ ಪ್ಲೇಮೊಬಿಲ್ ಬೊಂಬೆಗಳಲ್ಲಿ ಮುಕ್ಕಾಲಿಯ ಮೇಲೆ ಯಂತ್ರವಿಟ್ಟು ನಿಂತ ಸರ್ವೆಯರ್ ಇದ್ದಾನೆ. ನಮ್ಮ ಚನ್ನಪಟ್ಟಣದ ಬೊಂಬೆಗಳಲ್ಲಿ ಅವನು ನನ್ನ ಕಣ್ಣಿಗೆ ಬಿದ್ದಿಲ್ಲ. ರಸ್ತೆ ಬದಿ ಆ ಯಂತ್ರಕ್ಕೆ ಕಣ್ಣಿಟ್ಟವನು ಫೋಟೊ ತೆಗೆಯುತ್ತಿದ್ದಾನೆಂದೇ ನಮ್ಮ ಮಕ್ಕಳ ಲೆಕ್ಕ.

ಇದರಿಂದೇನು ನಷ್ಟ ಎನ್ನಬಹುದು. ನಮ್ಮ ಮನೆಯ ಪಾಲಿನ ಹೊತ್ತಿಗೆ ಊರಿಗೆ ಹೋಗಿದ್ದಾಗ ಸರ್ವೆಯರ್ ಕೇಳಿದ ಮೊದಲ ಪ್ರಶ್ನೆ, 'ಗಡಿಕಲ್ಲು ಎಲ್ಲುಂಟು?' ಮುಂಬಯಿಯಿಂದ ಹೋದ ನಾವು ಐದು ಮಂದಿ ಮುಖ ಮುಖ ನೋಡಿದೆವು. ಕೊನೆಗೆ ನೆರೆಮನೆಯ ಅಜ್ಜರೊಬ್ಬರು ಕೋಲಿನಿಂದ ಪೊದೆ ಸರಿಸಿ ಕಲ್ಲು ತೋರಿಸಿದರು. ಆ ಅಜ್ಜರು ಈಗ ಇಲ್ಲ. ಮುಂದಿನ ಸಲ ತೋರಿಸುವವರು ಯಾರು? ನಮ್ಮ ಮಕ್ಕಳಿಗೆ ಫ್ಲಾಟಿನ ಸ್ಕ್ವೇರ್ ಫೀಟ್ ಗೊತ್ತು, ಸೆಂಟ್ಸ್ ಗೊತ್ತಿಲ್ಲ.

ಇದನ್ನು ಆಟವಾಗಿಯೇ ಕಲಿಸಬಹುದು, ಅಂಗಡಿಗೆ ಹೋಗಬೇಕಿಲ್ಲ. 33 ಅಡಿಯ ಒಂದು ಹಗ್ಗ ಸಾಕು. ಸರ್ವೆಯ ಹಳೆಯ ಸರಪಳಿ 66 ಅಡಿ, ಅದರಲ್ಲಿ 100 ಕೊಂಡಿ. ಇಂಗ್ಲೆಂಡಿನ ಎಡ್ಮಂಡ್ ಗುಂಟರ್ 1620ರ ಸುಮಾರಿಗೆ ರೂಪಿಸಿದ್ದು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗ ಸರಿಯಾಗಿ ಹತ್ತು ಸೆಂಟ್ಸ್. ಅಂಥ ಹತ್ತು ಸೇರಿದರೆ ಎಕರೆ. ನಮ್ಮ ಹಗ್ಗ ಅದರ ಅರ್ಧ. ಸೊಸೈಟಿಯ ಅಂಗಳದಲ್ಲಿ ಸೀಮೆಸುಣ್ಣದಿಂದ 33 ಅಡಿಯ ಚೌಕ ಬರೆದರೆ ಘಟ್ಟದ ಮೇಲಿನವರ ಒಂದು ಗುಂಟೆ, ನಮ್ಮ ಎರಡೂವರೆ ಸೆಂಟ್ಸ್! ಮೂಲೆ ನೆಟ್ಟಗೆ ಬರಲು ಗಾರೆಯವರ ಉಪಾಯವೇ ಸಾಕು: ಒಂದು ಬದಿಗೆ ಮೂರಡಿ, ಇನ್ನೊಂದಕ್ಕೆ ನಾಲ್ಕಡಿ ಗುರುತಿಸಿ, ನಡುವಿನ ಅಡ್ಡ ಐದಡಿ ಬಂದರೆ ಮೂಲೆ ಸರಿ.

ಇನ್ನೊಂದು ಆಟಿಕೆ ಕಂಪಾಸು ಪೆಟ್ಟಿಗೆಯಲ್ಲೇ ಇದೆ. ಕೋನಮಾಪಕದ ನೇರ ಅಂಚಿಗೆ ಶರಬತ್ತಿನ ಸ್ಟ್ರಾ ಅಂಟಿಸಿ, ನಡುವಿನ ತೂತಿಗೆ ರಬ್ಬರ್ ಕಟ್ಟಿದ ದಾರ ಇಳಿಬಿಡಿ. ಕಮಾನು ಕೆಳಗೆ ಬರುವಂತೆ ಹಿಡಿದು ಸ್ಟ್ರಾದಲ್ಲಿ ತೆಂಗಿನ ಮರದ ತುದಿ ನೋಡುತ್ತ ಹಿಂದೆ ಸರಿಯಬೇಕು. ದಾರ 45ಕ್ಕೆ ಬಂದಾಗ ನಿಲ್ಲಿ. ಬುಡಕ್ಕೆ ಇರುವ ದೂರ 36 ಅಡಿ, ಹುಡುಗನ ಕಣ್ಣಿನ ಎತ್ತರ ನಾಲ್ಕಡಿ ಎಂದಾದರೆ ಮರ 40 ಅಡಿ. ಹತ್ತುವ ಕೆಲಸವಿಲ್ಲ!

ದೇಶವನ್ನೇ ಅಳೆದದ್ದೂ ಹೀಗೆ, ಒಂದು ಗೆರೆ ಮತ್ತು ಕೋನಗಳಿಂದ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಮರುವರ್ಷ ಬೆಂಗಳೂರಿನ ಬಳಿ ಗೆರೆ ಅಳೆದು ಕೈಪಳಗಿಸಿಕೊಂಡ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಏಳೂವರೆ ಮೈಲಿನ ಗೆರೆಯಿಂದ ಮಹಾ ಸರ್ವೆ ಆರಂಭಿಸಿದ. ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ಮಂಗಳೂರಿನ ಕಡಲಿಗೆ ಬಂದಾಗ ಸೋಜಿಗ ಕಾದಿತ್ತು. ಮದ್ರಾಸಿನಿಂದ ಮಂಗಳೂರಿಗೆ 400 ಮೈಲು ಎಂದಿದ್ದವು ಹಳೆಯ ನಕ್ಷೆಗಳು. ಅಳೆದಾಗ ಸಿಕ್ಕಿದ್ದು 360. ಅವನ ಥಿಯೊಡೊಲೈಟ್ ಯಂತ್ರವೇ ಸುಮಾರು ಅರ್ಧ ಟನ್ ಭಾರ. 1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಗೋಡೆಗೆ ಬಡಿದು ಹಾಳಾಯಿತು. ತಿಂಗಳಿಗೂ ಮಿಕ್ಕಿ ಕುಳಿತು ಅವನೇ ರಿಪೇರಿ ಮಾಡಿದ. ಈ ಕಥೆ ಹೇಳಿದರೆ ಹುಡುಗರು ಊಟ ಮರೆತು ಕೇಳುತ್ತಾರೆ.

ಸಂಘಗಳ ಮಕ್ಕಳ ಶಿಬಿರಗಳಲ್ಲಿ ಭಾಷಣ ಸ್ಪರ್ಧೆ, ಛದ್ಮವೇಷಕ್ಕೆ ಜಾಗವಿದೆ. ಒಂದು ಸಂಜೆ ಹಗ್ಗ, ಸೀಮೆಸುಣ್ಣಕ್ಕೂ ಬಿಟ್ಟುಕೊಡಬಹುದು. ರಜೆಗೆ ಊರಿಗೆ ಹೋಗುವವರು ಹಗ್ಗವನ್ನು ಬ್ಯಾಗಿನಲ್ಲಿಟ್ಟುಕೊಳ್ಳಲಿ. ಆರ್‌ಟಿಸಿಯಲ್ಲಿ ಇರುವ ವಿಸ್ತೀರ್ಣವನ್ನು ಮಕ್ಕಳಿಗೆ ಓದಿಸಿ, ಗಡಿಕಲ್ಲಿನಿಂದ ಗಡಿಕಲ್ಲಿಗೆ ಅವರೇ ಎಳೆಯಲಿ. ನೆರೆಯವರಿಗೆ ಮೊದಲೇ ಒಂದು ಮಾತು ಹೇಳಿರಬೇಕು. ಹಗ್ಗ ಕಂಡರೆ ತಕರಾರು ಬಂತೆಂದು ಗಾಬರಿಯಾದಾರು. ನೈಲಾನ್ ಹಗ್ಗವಾದರೆ ಎಳೆದಷ್ಟು ಉದ್ದವಾಗುತ್ತದೆ, ಆಗಾಗ ಟೇಪು ಹಿಡಿದು ನೋಡಿ.