ಕಾಂಕ್ರೀಟ್ ಸೇತುವೆಗಳ ಮೇಲೆ ತಾಪಮಾನ ಬದಲಾವಣೆಯ ಪರಿಣಾಮ

ಸೇತುವೆಯ ಹಾಸಿನಲ್ಲಿ ಅಡ್ಡಲಾಗಿ ಕಾಣುವ ಸಂದುಗಳನ್ನು ಬಿರುಕುಗಳೆಂದು ಭಾವಿಸಿ, ಅವುಗಳನ್ನು ಮುಚ್ಚುವಂತೆ ಕೋರಿ ಸಾರ್ವಜನಿಕರು ಅರ್ಜಿ ಸಲ್ಲಿಸುವುದುಂಟು. ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಎಂದು ಕರೆಯಲಾಗುವ ಈ ಸಂದುಗಳನ್ನು ಉದ್ದೇಶಪೂರ್ವಕವಾಗಿಯೇ ಬಿಡಲಾಗಿರುತ್ತದೆ.

ಕಾಂಕ್ರೀಟ್ ಬಿಸಿಯಾದಾಗ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಕಾಂಕ್ರೀಟಿನ ತಾಪಮಾನವು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದಲ್ಲಿ 100 ಮೀಟರ್ ಉದ್ದದ ಅಖಂಡ ಹಾಸು ಸುಮಾರು 36 ಮಿಲಿಮೀಟರ್‌ನಷ್ಟು ಉದ್ದವಾಗುತ್ತದೆ. ಈ ಚಲನೆಗಾಗಿಯೇ ಸಂದುಗಳನ್ನೂ, ಕಂಬಗಳ ಮೇಲೆ ಬೇರಿಂಗ್‌ಗಳನ್ನೂ ಅಳವಡಿಸಲಾಗುತ್ತದೆ. ಸಂದಿನಲ್ಲಿ ಜಲ್ಲಿ, ಮಣ್ಣು ಅಥವಾ ಡಾಂಬರು ತುಂಬಿಕೊಂಡಲ್ಲಿ ಹಿಗ್ಗಲು ಸ್ಥಳವಿಲ್ಲದೆ, ಒತ್ತಡವು ಸೇತುವೆಯ ತುದಿಯ ಗೋಡೆಗಳ ಮೇಲೆ ಬೀಳುತ್ತದೆ. ಹಾಸಿನ ಅಂಚುಗಳು ಒಡೆಯುತ್ತವೆ. ನಿಜವಾದ ಬಿರುಕುಗಳು ಮೂಡುವುದು ಆಗಲೇ.

ಬೇಸಿಗೆಯ ಮಧ್ಯಾಹ್ನ ಹಾಸಿನ ಮೇಲ್ಮೈ ಕಾದಿದ್ದು ತಳಭಾಗ ನೆರಳಿನಲ್ಲಿರುವುದರಿಂದ ಹಾಸು ತುಸು ಮೇಲಕ್ಕೆ ಬಾಗುತ್ತದೆ. ಹಲವು ಅಂಕಣಗಳ ಮೇಲೆ ಅಖಂಡವಾಗಿ ಸಾಗುವ ಸೇತುವೆಗಳಲ್ಲಿ ಈ ಬಾಗುವಿಕೆಗೆ ಅಡ್ಡಿಯಾಗುವುದರಿಂದ ಆಂತರಿಕ ಒತ್ತಡವು ಹೆಚ್ಚುತ್ತದೆ. ವಿನ್ಯಾಸದಲ್ಲಿ ಇದನ್ನೂ ಲೆಕ್ಕ ಹಾಕಲಾಗುತ್ತದೆ.

ಸೇತುವೆಯ ಮೇಲೆ ನೀರಿನ ಕೊಳವೆ ಅಥವಾ ಕೇಬಲ್ ಅಳವಡಿಸಲು ಅನುಮತಿ ಕೋರುವವರು, ಅದು ಸಂದನ್ನು ದಾಟುವ ಸ್ಥಳದಲ್ಲಿ ಚಲನೆಗೆ ಕಲ್ಪಿಸಿರುವ ಅವಕಾಶವನ್ನು ನಕ್ಷೆಯಲ್ಲಿ ತೋರಿಸುವುದು ಸೂಕ್ತ. ಸಂದಿನ ರಬ್ಬರ್ ಕಿತ್ತುಹೋಗಿದ್ದಲ್ಲಿ ಅಥವಾ ಉಕ್ಕಿನ ಅಂಚು ಸಡಿಲಗೊಂಡಿದ್ದಲ್ಲಿ, ಸ್ವತಃ ಮುಚ್ಚಲು ಮುಂದಾಗದೆ, ಸೇತುವೆಯ ಸ್ಥಳದ ವಿವರದೊಂದಿಗೆ ಲಿಖಿತ ದೂರು ಸಲ್ಲಿಸಲು ಕೋರಲಾಗಿದೆ.