ಅನ್ಯಗ್ರಹದ ಜೀವಿಗೆ ಹೆಸರಿಡುವಾಗ: ನಂಬಿಕೆ ಏನು, ನಿಜ ಏನು

ವಿಡಿಯೊ ಗೇಮ್ ಮಾಡುವ ಹುಡುಗರು ಬೆಂಗಳೂರಿನ ಲಗ್ಗೆರೆಯಲ್ಲೂ ಇದ್ದಾರೆ. ಹಗಲು ಪೀಣ್ಯದ ಕಾರ್ಖಾನೆಯಲ್ಲಿ ದುಡಿದು, ರಾತ್ರಿ ಬಾಡಿಗೆ ಕೋಣೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಮುಂದೆ ಕೂರುವವರು; ಡಿಪ್ಲೊಮಾ ಓದುತ್ತಾ ಮೊಬೈಲಿಗೆಂದು ಸಣ್ಣ ಆಟ ಕಟ್ಟುವವರು. ಬೇಕಾದ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಪಾಠಗಳು ಯೂಟ್ಯೂಬ್‌ನಲ್ಲಿವೆ. ಕೋಡ್ ಬರೆಯುವಾಗ ಎಡವದ ಇವರು ಒಂದು ಕಡೆ ಮಾತ್ರ ನಿಂತುಬಿಡುತ್ತಾರೆ. ಬೇರೆ ಗ್ರಹದ ಪ್ರಾಣಿಯ ಚಿತ್ರ ಸಿದ್ಧವಾಗಿದೆ, ಅದರ ನಡಿಗೆ, ಕೂಗು ಎಲ್ಲ ಸಿದ್ಧವಾಗಿವೆ, ಹೆಸರು ಮಾತ್ರ ಹೊಳೆಯುತ್ತಿಲ್ಲ. ಆಗ ಅಲ್ಲಿ ಇಲ್ಲಿ ಕೇಳಿದ ನಂಬಿಕೆಗಳನ್ನೇ ನೆಚ್ಚಿಕೊಳ್ಳುತ್ತಾರೆ. ಅವುಗಳಲ್ಲಿ ಹೆಚ್ಚಿನವು ನಿಜವಲ್ಲ. ಒಳ್ಳೆಯ ಆಟವೊಂದು ಕೆಟ್ಟ ಹೆಸರಿನಿಂದ ಸೊರಗುವುದನ್ನು ನೋಡಲಾರದೆ ಇದನ್ನು ಬರೆಯುತ್ತಿದ್ದೇನೆ.

ನಂಬಿಕೆ: ಬಾಯಿಗೆ ಬಾರದ ಹೆಸರೇ ಅನ್ಯಗ್ರಹದ ಹೆಸರು

‘ಝಿರ್ಕ್ಸಾಥ್’, ‘ಘ್ರಾಕ್ಷ್ಣೋರ್’ ಎಂಬಂಥ ಹೆಸರುಗಳು ಹುಟ್ಟುವುದು ಈ ನಂಬಿಕೆಯಿಂದ. ಮಹಾಪ್ರಾಣಗಳು ಹೆಚ್ಚಿದಷ್ಟೂ, ಒತ್ತಕ್ಷರಗಳು ಪೇರಿದಷ್ಟೂ ಜೀವಿ ದೂರದ್ದು ಎಂದು ತೋರುತ್ತದೆ ಎಂಬ ಲೆಕ್ಕಾಚಾರ. ಆದರೆ ಆಟದ ಹೆಸರು ಬಾಳುವುದು ಆಡುವವರ ನಾಲಿಗೆಯ ಮೇಲೆ. ‘ಲೋ, ಹಿಂದೆ ಬಂತು ನೋಡೋ’ ಎಂದು ಪಕ್ಕದವನು ಕೂಗುವಾಗ ಅವನಿಗೆ ಸಿಗುವುದು ಅರ್ಧ ಸೆಕೆಂಡು. ಆ ಹೊತ್ತಿಗೆ ‘ಝಿರ್ಕ್ಸಾಥ್’ ಹೋಗಿ ‘ಜಿರ್ಕಾತು’ ಆಗಿರುತ್ತದೆ. ಆಡುಮಾತಿನ ಕನ್ನಡ ಮಹಾಪ್ರಾಣವನ್ನು ಸಾಮಾನ್ಯವಾಗಿ ಸಡಿಲಿಸುತ್ತದೆ, ವ್ಯಂಜನದಲ್ಲಿ ಮುಗಿಯುವ ಹೊರಗಿನ ಮಾತಿಗೆ ಕೊನೆಯಲ್ಲಿ ಉಕಾರ ಹಚ್ಚುತ್ತದೆ. ಬಸ್ ‘ಬಸ್ಸು’ ಆದದ್ದು, ಕಾರ್ ‘ಕಾರು’ ಆದದ್ದು ಹೀಗೆಯೇ.

ಜಗತ್ತಿನ ಹೆಸರಾಂತ ಆಟಗಳು ಈ ಕಷ್ಟಕ್ಕೆ ಹೋಗಲೇ ಇಲ್ಲ. 1978ರಲ್ಲಿ ಜಪಾನಿನ ಟೊಮೊಹಿರೊ ನಿಶಿಕಾಡೊ ಮಾಡಿದ ‘ಸ್ಪೇಸ್ ಇನ್‌ವೇಡರ್ಸ್’ ಆಟದ ಶತ್ರುಗಳು ಏಡಿ, ಆಕ್ಟೋಪಸ್, ಸ್ಕ್ವಿಡ್‌ಗಳ ಆಕಾರದವು, ಎಲ್ಲ ಗುರುತಿರುವ ಪ್ರಾಣಿಗಳೇ. 1998ರ ‘ಹಾಫ್-ಲೈಫ್’ ಆಟದಲ್ಲಿ ಮನುಷ್ಯರ ತಲೆಗೆ ಹಾರಿ ಕಚ್ಚಿಕೊಳ್ಳುವ ಜೀವಿಯೊಂದಿದೆ. ಅದರ ಹೆಸರು ‘ಹೆಡ್‌ಕ್ರ್ಯಾಬ್’, ತಲೆಯ ಏಡಿ. ಎಲ್ಲಿ ಕೂರುತ್ತದೆ, ಯಾವುದರಂತಿದೆ, ಇಷ್ಟೇ. ಅದನ್ನು ಕೇಳಿದವನು ಮೊದಲು ಮುಟ್ಟಿ ನೋಡಿಕೊಳ್ಳುವುದು ತನ್ನ ತಲೆಯನ್ನು.

ಕನ್ನಡದ ಜನ ಇದನ್ನು ಆಟಗಳು ಹುಟ್ಟುವ ಎಷ್ಟೋ ಮೊದಲೇ ಮಾಡಿದ್ದಾರೆ. ಮೈತುಂಬ ಚಿಪ್ಪು ಹೊತ್ತ, ಇರುವೆ ಗೆದ್ದಲು ತಿನ್ನುವ ಪ್ರಾಣಿಗೆ ಚಿಪ್ಪುಹಂದಿ ಎಂದರು. ಅದಕ್ಕೂ ಹಂದಿಗೂ ನಂಟಿಲ್ಲ. ರಾತ್ರಿ ಮರದಲ್ಲಿ ದೊಡ್ಡ ಕಣ್ಣು ಬಿಟ್ಟು ನೋಡುವ ಸಣ್ಣ ಜೀವಕ್ಕೆ ಕಾಡುಪಾಪ ಎಂದರು. ಮೈತುಂಬ ಕೂದಲ ಹುಳುವಿಗೆ ಕಂಬಳಿಹುಳು. ವಿಮಾನ ಬಂದ ಮೇಲೆ ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂಬ ಹೆಸರನ್ನೂ ಕಟ್ಟಿದರು. ಗುರುತಿರುವ ಒಂದು ಪ್ರಾಣಿ, ಅದಕ್ಕೆ ಹೊಂದದ ಒಂದು ಲಕ್ಷಣ, ಎರಡನ್ನೂ ಜೋಡಿಸಿದಾಗ ಹುಟ್ಟುವ ಬೆರಗು ಇದೆಯಲ್ಲ, ಅನ್ಯಗ್ರಹದ ಜೀವಿಗೆ ಬೇಕಾದದ್ದು ಅದೇ.

ನಂಬಿಕೆ: ಕನ್ನಡ ಪುರಾಣಕ್ಕೆ ಸರಿ, ವಿಜ್ಞಾನದ ಜೀವಿಗೆ ಲ್ಯಾಟಿನ್ನೇ ಬೇಕು

ಕನ್ನಡದ ಹೆಸರಿಟ್ಟರೆ ನಗುತ್ತಾರೆ ಎಂಬ ಅಳುಕು ನಮ್ಮ ಹುಡುಗರಲ್ಲಿ ಆಳವಾಗಿದೆ. ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ನಂಬಿಕೆ ಇದೇ. ಏಕೆಂದರೆ ಹಿಂದೆಂದೂ ಗುರುತಿಸದ ಜೀವಿಗಳಿಗೆ ನಿಜವಾಗಿ ಹೆಸರಿಡುವ ವಿಜ್ಞಾನಿಗಳೇ ಕನ್ನಡದ ಕಡೆ ಕೈ ಚಾಚಿದ್ದಾರೆ.

ಉತ್ತರ ಕನ್ನಡದ ಕತ್ತಲೆಕಾನಿನ ತೊರೆಗಳಲ್ಲಿ ಒಂದು ಕಪ್ಪೆಯಿದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ತೊರೆಯ ಕೆಸರನ್ನು ಮುಂಗಾಲಿನಲ್ಲಿ ಎತ್ತಿ ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಈ ಕಪ್ಪೆಯನ್ನು ಹೊಸ ಪ್ರಭೇದವೆಂದು ವಿವರಿಸಿದಾಗ ಇಟ್ಟ ಹೆಸರು ನಿಕ್ಟಿಬ್ಯಾಟ್ರಾಕಸ್ ಕುಂಬಾರ. ಜೇಡಿಮಣ್ಣು ಮೆತ್ತುವವನು ಕುಂಬಾರನಲ್ಲದೆ ಇನ್ಯಾರು? ಬೆಂಗಳೂರಿನ ಹೊರವಲಯದ ರಾಜಾನುಕುಂಟೆಯ ಬಳಿ ಸಿಕ್ಕ, ಮಣ್ಣು ಕೊರೆದು ಅಡಗುವ ಕಪ್ಪೆಗೆ 2020ರಲ್ಲಿ ಸ್ಫೇರೋಥೀಕಾ ಬೆಂಗಳೂರು ಎಂದೇ ಹೆಸರಾಯಿತು. 2024ರಲ್ಲಿ ಜಿಗಿಯುವ ಜೇಡಗಳ ಹೊಸದೊಂದು ಕುಲಕ್ಕೆ ‘ತೆಂಕಣ’ ಎಂಬ ಹೆಸರು ಬಂತು. ಈ ಜೇಡಗಳು ದಕ್ಷಿಣ ಭಾರತ ಮತ್ತು ಶ್ರೀಲಂಕಾದವು, ಆದ್ದರಿಂದ ತೆಂಕಣದವು. ಅದರಲ್ಲಿ ಕರ್ನಾಟಕದ ಹೊಸ ಪ್ರಭೇದ ತೆಂಕಣ ಜಯಮಂಗಲಿ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯನ್ನು ತುಮಕೂರು ಕಡೆಯಿಂದ ಬಂದು ಲಗ್ಗೆರೆಯಲ್ಲಿ ನೆಲೆಸಿದವರಿಗೆ ನಾನು ಪರಿಚಯಿಸಬೇಕಿಲ್ಲ.

ಪ್ರಾಣಿಗಳ ವೈಜ್ಞಾನಿಕ ಹೆಸರಿನ ಅಂತರರಾಷ್ಟ್ರೀಯ ನಿಯಮಾವಳಿಯೂ ಇದನ್ನೇ ಹೇಳುತ್ತದೆ. ಹೆಸರನ್ನು ಲ್ಯಾಟಿನ್ ಲಿಪಿಯಲ್ಲಿ ಬರೆಯಬೇಕು, ಆದರೆ ಪದ ಯಾವ ಭಾಷೆಯದ್ದಾದರೂ ಆಗಬಹುದು. ಪದದಂತೆ ಬಳಸಲು ಬರುವುದಾದರೆ ಸುಮ್ಮನೆ ಕೂಡಿಸಿದ ಅಕ್ಷರಗಳೂ ಆಗಬಹುದು. ಹೊಳೆಯ ಕಪ್ಪೆಗೆ ಒಪ್ಪಿದ ಕನ್ನಡ ಮಂಗಳ ಗ್ರಹದ ಕಪ್ಪೆಗೆ ಒಪ್ಪುವುದಿಲ್ಲವೆಂದು ಹೇಳಲು ಯಾವ ಕಾರಣವೂ ಇಲ್ಲ. ಆಟದ ಹೆಸರೆಂದರೆ ಹಗುರ ಎನ್ನುವವರಿಗೂ ಒಂದು ಮಾತು. ಕಣ್ಣಿನ ಅಕ್ಷಿಪಟದ ಒಂದು ಪ್ರೊಟೀನಿಗೆ ಜಪಾನಿನ ವಿಜ್ಞಾನಿಗಳು 2008ರಲ್ಲಿ ಪೋಕೆಮಾನ್ ಆಟದ ಪಿಕಾಚುವಿನಿಂದ ‘ಪಿಕಾಚುರಿನ್’ ಎಂದು ಹೆಸರಿಟ್ಟರು. ಅದೇ ಆಟದ ಏರೋಡ್ಯಾಕ್ಟಿಲ್‌ನಿಂದ 2014ರಲ್ಲಿ ಹಾರುವ ಸರೀಸೃಪದ ಪಳೆಯುಳಿಕೆಯೊಂದಕ್ಕೆ ‘ಏರೋಡ್ಯಾಕ್ಟಿಲಸ್’ ಎಂಬ ಕುಲನಾಮ ಬಂತು.

ನಂಬಿಕೆ: ಅರ್ಥವಿಲ್ಲದ ಸದ್ದು ಯಾವುದಾದರೇನು, ಎಲ್ಲ ಒಂದೇ

ಅಲ್ಲ. 1929ರಲ್ಲಿ ವೋಲ್ಫ್‌ಗಾಂಗ್ ಕೋಲರ್ ಎಂಬ ಮನೋವಿಜ್ಞಾನಿ ಒಂದು ದುಂಡಗಿನ ಗೆರೆಯಾಕಾರ, ಒಂದು ಚೂಪು ಕೋನಗಳ ಆಕಾರ ಬರೆದು, ‘ಬಲೂಬ’ ಯಾವುದು, ‘ಟಕೆಟೆ’ ಯಾವುದು ಎಂಬ ಪ್ರಶ್ನೆ ಎತ್ತಿದರು. 2001ರಲ್ಲಿ ವಿ. ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬರ್ಡ್ ಅದನ್ನು ‘ಬೂಬಾ’, ‘ಕಿಕಿ’ ಎಂಬ ಸದ್ದುಗಳಲ್ಲಿ ಅಮೆರಿಕದ ವಿದ್ಯಾರ್ಥಿಗಳ ಮುಂದೆಯೂ ನಮ್ಮ ನೆರೆಯ ತಮಿಳು ಮಾತಿನವರ ಮುಂದೆಯೂ ಇಟ್ಟರು. ನೂರರಲ್ಲಿ ಸುಮಾರು 95 ಜನ ದುಂಡಗಿನದ್ದು ಬೂಬಾ, ಚೂಪಿನದ್ದು ಕಿಕಿ ಎಂದರು. 2022ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಅಧ್ಯಯನದಲ್ಲಿ 25 ಭಾಷೆಗಳ 917 ಜನರನ್ನು ಕೇಳಿದಾಗ ಒಪ್ಪಿಗೆ ಸುಮಾರು 72ಕ್ಕೆ ಇಳಿಯಿತು. ಕೆಲವು ಭಾಷೆಗಳವರಲ್ಲಿ ಈ ಒಲವು ಕಾಣಲೂ ಇಲ್ಲ. ಹಾಗಾಗಿ ಇದು ಬ್ರಹ್ಮಲಿಪಿಯಲ್ಲ, ಒಲವು ಮಾತ್ರ. ಹೆಸರಿಡುವವನಿಗೆ ಅಷ್ಟು ಒಲವು ಸಾಕು.

ಕನ್ನಡದಲ್ಲಂತೂ ಅನುಕರಣಾವ್ಯಯಗಳ ದೊಡ್ಡ ಕಣಜವೇ ಇದೆ, ಶಾಲೆಯಲ್ಲಿ ಓದಿ ಮರೆತಿದ್ದೇವೆ. ಚಟಪಟ, ಟಕಟಕ, ಚುರುಚುರು ಎಂದರೆ ಚುರುಕಾದ, ಚುಚ್ಚುವ ಯಾವುದೋ ಕಣ್ಣಿಗೆ ಕಟ್ಟುತ್ತದೆ. ಗುಳುಗುಳು, ಬುಳುಬುಳು, ದಡಬಡ ಎಂದರೆ ತೂಕವಿರುವ, ದುಂಡನೆಯ, ಉರುಳುವ ಯಾವುದೋ. ಮುಳ್ಳು ಮೈಯ ಜೀವಿಗೆ ‘ಬುಳುಗ’ ಎಂದು, ಲೋಳೆ ಮೈಯದಕ್ಕೆ ‘ಚಿಟಕಿ’ ಎಂದು ಹೆಸರಿಟ್ಟರೆ ಆಡುವವನಿಗೆ ಏಕೆಂದು ತಿಳಿಯದೆಯೇ ಇರುಸುಮುರುಸಾಗುತ್ತದೆ. ಬೇಕೆಂದೇ ಹಾಗೆ ಮಾಡಿ ಆಟಗಾರನನ್ನು ಯಾಮಾರಿಸುವುದು ಬೇರೆ ಮಾತು, ಅದು ಜಾಣತನ.

ನಂಬಿಕೆ: ಹೆಸರು ಒಂದು ಪದ, ಬೇಕಾದ ಕಡೆ ಸೇರಿಸಿದರಾಯಿತು

ಇಂಗ್ಲಿಷ್ ಪಾಠ ನೋಡಿ ಕಲಿತವರು ಎಡವುವುದು ಇಲ್ಲಿ. ಆಟದ ಕೋಡಿನಲ್ಲಿ ವಾಕ್ಯದ ಅಚ್ಚೊಂದು ಇರುತ್ತದೆ, ಖಾಲಿ ಜಾಗಕ್ಕೆ ಹೆಸರು ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ಹೆಸರು ಬದಲಾಗುವುದಿಲ್ಲ. ಕನ್ನಡದಲ್ಲಿ ಹೆಸರಿಗೆ ವಿಭಕ್ತಿ ಪ್ರತ್ಯಯ ಅಂಟಬೇಕು, ಮತ್ತು ಅದು ಹೆಸರಿನ ಕೊನೆಯ ಸ್ವರವನ್ನು ನೋಡಿ ಅಂಟುತ್ತದೆ.

ಲೇತ್ ಕೆಲಸ ಮಾಡುವ ಹುಡುಗನೊಬ್ಬನ ಆಟವನ್ನೇ ತೆಗೆದುಕೊಳ್ಳಿ. ಅವನ ಜೀವಿ ಕಬ್ಬಿಣ ತಿನ್ನುತ್ತದೆ, ಲೇತಿನಿಂದ ಉದುರುವ ಲೋಹದ ಸುರುಳಿಗಳನ್ನು, ತುಕ್ಕು ಹಿಡಿದ ತಗಡನ್ನು. ಮೊದಲು ‘ಝಿರ್ಕ್ಸಾಥ್’ ಎಂದಿದ್ದ. ಅದು ಏನು ಮಾಡುತ್ತದೆ ಎಂದು ಕೇಳಿದ ಮೇಲೆ ಹೊಟ್ಟೆಬಾಕನ ಹಾಗೆ ‘ತುಕ್ಕುಬಾಕ’ ಎಂದ. ಎಷ್ಟು ಒಳ್ಳೆಯ ಹೆಸರು! ಆದರೆ ಪರದೆಯ ಮೇಲೆ ‘ನೀವು ತುಕ್ಕುಬಾಕ ಅನ್ನು ಸೋಲಿಸಿದಿರಿ’ ಎಂದು ಬಂತು. ಕನ್ನಡ ಬಲ್ಲವನಿಗೆ ಅದು ಹಲ್ಲಿಗೆ ಸಿಕ್ಕ ಕಲ್ಲು. ಸರಿಪಡಿಸಲು ಹೊರಟರೆ ಇನ್ನೊಂದು ಪ್ರಶ್ನೆ: ‘ತುಕ್ಕುಬಾಕನನ್ನು’ ಎನ್ನಬೇಕೋ, ‘ತುಕ್ಕುಬಾಕವನ್ನು’ ಎನ್ನಬೇಕೋ? ಅಕಾರದಲ್ಲಿ ಮುಗಿಯುವ ಹೆಸರು ಗಂಡಸಿನದಾದರೆ ರಾಮನನ್ನು, ರಾಮನಿಗೆ; ವಸ್ತುವಾದರೆ ಮರವನ್ನು, ಮರಕ್ಕೆ. ಉಕಾರದಲ್ಲಿಯೂ ಒಂದೇ ದಾರಿಯಿಲ್ಲ. ಗುರುವನ್ನು ಎನ್ನುತ್ತೇವೆ, ಕಾಡನ್ನು ಎನ್ನುತ್ತೇವೆ.

ಇಕಾರ, ಎಕಾರಗಳಲ್ಲಿ ಮುಗಿಯುವ ಹೆಸರುಗಳಿಗೆ ಈ ತೊಡಕಿಲ್ಲ. ರವಿಯನ್ನು, ನಾಯಿಯನ್ನು, ಕಪ್ಪೆಯನ್ನು. ರವಿಗೆ, ನಾಯಿಗೆ, ಕಪ್ಪೆಗೆ. ಮನುಷ್ಯನಾಗಲಿ ಪ್ರಾಣಿಯಾಗಲಿ ಏಕವಚನದಲ್ಲಿ ರೂಪ ಒಂದೇ, ಬಹುವಚನದಲ್ಲಿ ಮಾತ್ರ ಬೇರೆಯಾಗುತ್ತದೆ. ಲಂಚಗುಳಿ, ಓದುಗುಳಿ ಎನ್ನುವ ಜಾಡಿನಲ್ಲೇ ‘ತುಕ್ಕುಗುಳಿ’ ಎಂದು ತಿದ್ದಿದರೆ ಅರ್ಥ ಉಳಿಯುತ್ತದೆ, ತಿನ್ನುವ ಗೀಳೂ ಹೆಸರಿನಲ್ಲಿ ಬರುತ್ತದೆ. ಕೋಡಿನ ಅಚ್ಚಿಗೆ -ಯನ್ನು, -ಗೆ, -ಯ ಎಂದು ಬರೆದುಬಿಟ್ಟರೆ ಆಟದುದ್ದಕ್ಕೂ ವಾಕ್ಯ ಕೆಡುವುದಿಲ್ಲ.

ಕ್ರಿಯಾಪದವನ್ನೂ ಮರೆಯಬಾರದು. ತುಕ್ಕುಗುಳಿ ‘ಬಂದಿತು’ ಎಂದರೆ ಮೃಗ. ‘ಬಂದ’, ‘ಬಂದಳು’ ಎಂದರೆ ಬುದ್ಧಿಯುಳ್ಳ ಜೀವಿ. ‘ಬಂದರು’ ಎಂದರೆ ಗೌರವಕ್ಕೆ ಪಾತ್ರರು. ಇಂಗ್ಲಿಷ್ ಆಟದ ಲೇಖಕನಿಗಿಲ್ಲದ ಸೌಲಭ್ಯ ಇದು. ಮೊದಲ ಹಂತಗಳಲ್ಲಿ ‘ತುಕ್ಕುಗುಳಿ ಬಂದಿತು’ ಎನ್ನುತ್ತಿದ್ದ ಆಟ, ಆ ಜೀವಿಗೂ ಮಾತು, ಮನೆ, ಮಕ್ಕಳು ಇವೆ ಎಂದು ಆಟಗಾರನಿಗೆ ಅರಿವಾದ ಗಳಿಗೆಯಿಂದ ‘ತುಕ್ಕುಗುಳಿ ಬಂದರು’ ಎನ್ನತೊಡಗಿದರೆ ಎಷ್ಟು ದೊಡ್ಡ ತಿರುವು! ಯಾರಾದರೂ ಇದನ್ನು ಮಾಡಿ ತೋರಿಸಬೇಕೆಂದು ನನ್ನ ಆಸೆ.

ನಂಬಿಕೆ: ಒಂದು ಜೀವಿಗೆ ಒಂದೇ ಹೆಸರು

2001ರಲ್ಲಿ ಶುರುವಾದ ‘ಹೇಲೊ’ ಆಟಗಳ ಸರಣಿಯ ಜೀವಿಗಳಿಗೆ ಎರಡೆರಡು ಹೆಸರು. ಮನುಷ್ಯ ಸೈನಿಕರು ‘ಗ್ರಂಟ್’ ಎಂದು ಕರೆಯುವ ಕುಳ್ಳ ಜೀವಿಗಳು ತಮ್ಮನ್ನು ಕರೆದುಕೊಳ್ಳುವುದು ‘ಉಂಗೊಯ್’ ಎಂದು. ‘ಎಲೀಟ್’ಗಳು ತಮ್ಮವರಲ್ಲಿ ‘ಸಂಗ್‌ಹೇಲಿ’. ಹೆಸರು ಕೇಳಿದೊಡನೆ ಮಾತಾಡುತ್ತಿರುವವರು ಯಾವ ಕಡೆಯವರು ಎಂದು ತಿಳಿಯುತ್ತದೆ. ಹೆಸರಿಡುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ಹೆಸರನ್ನು ಇಟ್ಟವರು ಯಾರು? ಹೆದರಿದವರೋ, ಸಾಕಿದವರೋ, ಆ ಜೀವಿಯೇ ಇಟ್ಟುಕೊಂಡದ್ದೋ? ತುಕ್ಕುಗುಳಿ ಎಂಬುದು ಹೊರಗಿನವರು ಇಟ್ಟ ಹೆಸರು, ಅದರಲ್ಲಿ ತುಸು ತಾತ್ಸಾರವಿದೆ. ಆ ಜೀವಿಗಳ ಬಾಯಲ್ಲಿ ಬೇರೆ ಹೆಸರೇ ಇರಬೇಕು. ಝ, ಘಗಳ ಹಂಬಲವಿದ್ದವರು ಅದನ್ನು ಅಲ್ಲಿ ತೀರಿಸಿಕೊಳ್ಳಬಹುದು.

ನಂಬಿಕೆ: ಬರೆದ ಹೆಸರು ಪರದೆಯ ಮೇಲೆ ಹಾಗೆಯೇ ಕಾಣುತ್ತದೆ

ತುಕ್ಕುಗುಳಿ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡಿನಲ್ಲಿ ಅದು 10 ಸಂಕೇತಗಳು. ಯುಟಿಎಫ್-8ರಲ್ಲಿ ಕೂಡಿಟ್ಟರೆ 30 ಬೈಟ್. ಹೆಸರಿಗೆ 24 ಬೈಟಿನ ಮಿತಿ ಹಾಕಿದ್ದರೆ ಕೊನೆಯ ‘ಳಿ’ ಕತ್ತರಿಸಿಹೋಗುತ್ತದೆ. ಆಟ ಕಟ್ಟುವ ಸಾಫ್ಟ್‌ವೇರ್ ಯೂನಿಟಿಯಲ್ಲಿ ಅಕ್ಷರ ತೋರಿಸಲು ಹೆಚ್ಚಿನವರು ಬಳಸುವ ಟೆಕ್ಸ್ಟ್‌ಮೆಶ್ ಪ್ರೊ ಬಹುಕಾಲ ಕನ್ನಡದ ಒತ್ತಕ್ಷರಗಳನ್ನು ಕೂಡಿಸಿ ತೋರಿಸುತ್ತಿರಲಿಲ್ಲ, ‘ಕ್ಕು’ ಒಡೆದು ಬೀಳುತ್ತಿತ್ತು. 2023ರಲ್ಲಿ ಬಂದ ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಗೋಡೊ 4 ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತದೆ, ಪುಕ್ಕಟೆಯೂ ಹೌದು. ಹಳಗನ್ನಡದ ೞ, ಱ ಯೂನಿಕೋಡಿನಲ್ಲಿ ಇವೆಯೆಂದು ಅವುಗಳಿಂದ ಹೆಸರು ಕಟ್ಟುವ ಆಸೆ ಕೆಲವರಿಗೆ. ನೋಡಲು ಬೇರೆ ಲೋಕದ್ದೇ ಅನಿಸುತ್ತದೆ, ನಿಜ, ಓದುವವರು ಸಿಗುವುದಿಲ್ಲ.

ನಂಬಿಕೆ: ನಾನು ಕಟ್ಟಿದ ಹೆಸರು ತಾನಾಗಿಯೇ ನನ್ನ ಹಕ್ಕು

ಹಾಗಿಲ್ಲ. ಸಿನಿಮಾ ಶೀರ್ಷಿಕೆಯ ವಿವಾದವೊಂದರಲ್ಲಿ ಬರಿಯ ಶೀರ್ಷಿಕೆಗೆ ಕೃತಿಸ್ವಾಮ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಹೆಸರನ್ನು ಕಾಯುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ. ಗೇಮ್ ಸಾಫ್ಟ್‌ವೇರಿಗೆ 9ನೇ ವರ್ಗದಲ್ಲಿ ಅರ್ಜಿ ಹಾಕಬೇಕು. ಅದೇ ಹೆಸರು ಬೇರೆಯವರದ್ದಾಗಿದೆಯೇ ಎಂದು ಟ್ರೇಡ್ ಮಾರ್ಕ್ ನೋಂದಣಿಯ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು.

ಕೊನೆಗೆ ಒಂದು ಕೋರಿಕೆ. ಹೆಸರನ್ನು ಆಟಕ್ಕೆ ಹಾಕುವ ಮೊದಲು ಅದನ್ನು ಬೇರೆಯವರ ಬಾಯಲ್ಲಿ ಹೇಳಿಸಿ. ಲಗ್ಗೆರೆಯಲ್ಲಿ ಇದಕ್ಕೆ ದೂರ ಹೋಗಬೇಕಿಲ್ಲ. ಒಂದೇ ವಠಾರದಲ್ಲಿ ಮಂಡ್ಯದ ಕನ್ನಡ, ಉತ್ತರ ಕರ್ನಾಟಕದ ಕನ್ನಡ, ತೆಲುಗು, ತಮಿಳು, ಉರ್ದು ಎಲ್ಲ ಕೇಳಿಸುತ್ತವೆ. ಚಿತ್ರ ತೋರಿಸಬೇಡಿ, ಹೆಸರು ಮಾತ್ರ ಹೇಳಿ, ಆ ಪ್ರಾಣಿ ಹೇಗಿರಬಹುದೆಂದು ಕೇಳಿ. ಅವರ ಉತ್ತರ ನಿಮ್ಮ ಚಿತ್ರದ ಹತ್ತಿರಕ್ಕೆ ಬಂದರೆ ಹೆಸರು ಇಟ್ಟುಬಿಡಿ. ಬಾರದಿದ್ದರೆ ಚಿತ್ರವನ್ನು ಮುಟ್ಟಬೇಡಿ, ಹೆಸರನ್ನು ಬದಲಿಸಿ.