ವರ್ತಕರ ಹೆಸರಿನ ದೇವರು, ಕಲ್ಲಿನ ಮಾಡು: ಭಟ್ಕಳವನ್ನು ಇಳಿದು ನೋಡಬೇಕು

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮುರುಡೇಶ್ವರಕ್ಕೆ ಹೊರಟವರು ಭಟ್ಕಳದಲ್ಲಿ ನಿಂತರೆ ಅದು ಹೆಚ್ಚಾಗಿ ಚಹಾ ಕುಡಿಯಲು. ಶಂಸುದ್ದೀನ್ ಸರ್ಕಲ್ಲಿನಲ್ಲಿ ಸ್ವಲ್ಪ ಹೊತ್ತು ಕಾಲಾಡಿಸಿ ಮತ್ತೆ ಗಾಡಿ ಹತ್ತುತ್ತಾರೆ. ಪತ್ರಿಕೆಯ ತಲೆಬರಹಗಳಲ್ಲಷ್ಟೇ ಈ ಊರನ್ನು ಕಂಡವರಿಗಂತೂ ಇಲ್ಲಿ ಇಳಿದು ನೋಡುವಂಥದ್ದು ಇದೆ ಎಂಬ ಅಂದಾಜೂ ಇರುವುದಿಲ್ಲ. ಆದರೆ ಹೆದ್ದಾರಿ ಬಿಟ್ಟು ಒಳಗಿನ ಓಣಿಗಳಿಗೆ ಹೊಕ್ಕರೆ, ತೆಂಗಿನ ತೋಟ, ಹಂಚಿನ ಮನೆಗಳ ನಡುವೆ ವಿಜಯನಗರದ ಕಾಲದ ಗುಡಿ-ಬಸದಿಗಳು ಒಂದರ ಹಿಂದೊಂದು ಎದುರಾಗುತ್ತವೆ. ಕರಾವಳಿಯ ಇಷ್ಟು ಚಿಕ್ಕ ಊರೊಂದರಲ್ಲಿ ಇಷ್ಟೊಂದು ಕಲ್ಲಿನ ಕೆಲಸ ಒಟ್ಟಾಗಿ ಸಿಗುವುದು ಅಪರೂಪ.

ಇದೆಲ್ಲ ಬಂದರು ತಂದ ಭಾಗ್ಯ. ಘಟ್ಟದಿಂದ ಇಳಿದು ಬರುವ ಹೊಳೆ ಕಡಲು ಸೇರುವಲ್ಲಿ ಹಡಗುಗಳಿಗೆ ತಂಗುದಾಣವಿತ್ತು. ವಿಜಯನಗರಕ್ಕೆ ಕುದುರೆ ಬೇಕಿತ್ತು. ಅರಬರಿಗೆ ಅಕ್ಕಿ, ಸಕ್ಕರೆ, ಕಬ್ಬಿಣ, ಮೆಣಸು ಬೇಕಿತ್ತು. 16ನೇ ಶತಮಾನದ ಆರಂಭದಲ್ಲಿ ಈ ಕರಾವಳಿಯನ್ನು ಬಲ್ಲ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸ, ಹೊರ್ಮುಜ್‌ನಿಂದ ಕುದುರೆ, ಮುತ್ತು ಹೊತ್ತು ಬರುವ ಹಡಗುಗಳು ಭಟ್ಕಳದಿಂದ ಅಕ್ಕಿ, ಸಕ್ಕರೆ ತುಂಬಿಕೊಂಡು ಹೋಗುವುದನ್ನು ಬರೆದಿಟ್ಟಿದ್ದಾನೆ. ಈ ಸಂಪತ್ತೇ ಊರಿಗೆ ಕುತ್ತೂ ಆಯಿತು. 1502ರಲ್ಲಿ ವಾಸ್ಕೊ ಡ ಗಾಮ ಇಲ್ಲಿಂದ ಕಪ್ಪ ವಸೂಲಿ ಮಾಡಿದ. 1542ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ಟಿಂ ಅಫೊನ್ಸೊ ದ ಸೋಜನ ಪಡೆ ಊರನ್ನೇ ಸುಟ್ಟಿತು. ಇಷ್ಟಾದರೂ ಅದೇ ಶತಮಾನದಲ್ಲೇ ಭಟ್ಕಳದ ಒಳ್ಳೊಳ್ಳೆಯ ಗುಡಿಗಳು ಎದ್ದು ನಿಂತವು. ಬೆಂಕಿ ಕಂಡ ಊರಿನ ಜನ ಕಲ್ಲಿನಲ್ಲಿ ಕಟ್ಟಿದರು ಎಂಬುದನ್ನು ನೆನಪಿಟ್ಟುಕೊಂಡೇ ಇವುಗಳನ್ನು ನೋಡಬೇಕು.

ಗುಡಿಗಳ ಹೆಸರುಗಳನ್ನೇ ಗಮನಿಸಿ: ಖೇತಪೈ ನಾರಾಯಣ, ಶಾಂತಪ್ಪ ನಾಯಕ ತಿರುಮಲ, ಜೋಶಿ ಶಂಕರನಾರಾಯಣ, ಅಡಿಕೆ ನಾರಾಯಣ, ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ. ಹಂಪಿಗೆ ಹೋದರೆ ಅರಸರ ಹೆಸರು ಕೇಳುತ್ತೇವೆ. ಇಲ್ಲಿ ದೇವರ ಹೆಸರಿನ ಪಕ್ಕ ನಿಂತವರು ವ್ಯಾಪಾರಸ್ಥರು, ನಾಯಕರು, ಊರ ಗಣ್ಯರು. ರಾಜಧಾನಿಯಿಂದ ದೂರದ ಬಂದರಿನಲ್ಲಿ ದುಡಿದವರೇ ದುಡಿದದ್ದರ ಒಂದು ಪಾಲನ್ನು ಊರಿಗೆ ಒಪ್ಪಿಸಿದ ಕಥೆ ಇದು. ಭಟ್ಕಳದ ದೊಡ್ಡಸ್ತಿಕೆಯೂ ಇದರಲ್ಲೇ ಇದೆ.

ಒಂದೇ ಗುಡಿಗೆ ಬಿಡುವಿದೆ ಎನ್ನುವವರು ಮೂಡಭಟ್ಕಳದ ಖೇತಪೈ ನಾರಾಯಣನಲ್ಲಿಗೆ ಹೋಗಲಿ. ಗೋವೆಯ ಕಡೆಯ ವರ್ತಕ ಖೇತಪೈ ಕಟ್ಟಿಸಿದ ಗುಡಿ ಎಂದು ಪ್ರತೀತಿ. ದೂರಕ್ಕೆ ಕಾಣುವುದು ಒಂದು ಕರಾವಳಿ ಮನೆಯ ಆಕಾರ: ಇಳಿಜಾರು ಮಾಡು, ಮುಂದೆ ಚಾಚಿದ ಸೂರು, ಅಂಗಳ, ಅಂಗಳದಲ್ಲಿ ಎತ್ತರದ ಕಂಬ. ಹತ್ತಿರ ಹೋದಾಗ ಗೊತ್ತಾಗುತ್ತದೆ, ಹಂಚು ಎಂದುಕೊಂಡದ್ದು ಕಲ್ಲುಚಪ್ಪಡಿ. ಒಂದರ ಅಂಚಿನ ಮೇಲೆ ಇನ್ನೊಂದು ಕೂರುವಂತೆ ಚಪ್ಪಡಿಗಳನ್ನು ಜೋಡಿಸಿದ್ದಾರೆ. ಕಂಬಗಳ ನಡುವಿನ ಜಾಲಂದ್ರವನ್ನು ನೋಡಿ: ಮರದ ಪಟ್ಟಿಗಳನ್ನು ಓರೆಯಾಗಿ ಕೂರಿಸಿದಂತೆ ಕಾಣುವುದೂ ಕಲ್ಲೇ. ಗಾಳಿ ಬೆಳಕು ಒಳಗೆ ಬರುತ್ತದೆ, ಎರಚಲು ಹೊರಗೇ ಉಳಿಯುತ್ತದೆ. ಬಡಗಿ ಮರದಲ್ಲಿ ಮಾಡುತ್ತಿದ್ದುದನ್ನು ಶಿಲ್ಪಿ ಕಲ್ಲಿಗೆ ಕಲಿಸಿದ್ದಾನೆ.

ಹೊರಗೋಡೆಗೆ ಬಂದರೆ ರಾಮಾಯಣ. ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಉಬ್ಬುಶಿಲ್ಪಗಳಲ್ಲಿ ಕಥೆ ಸಾಗುತ್ತದೆ. ಯಕ್ಷಗಾನದ ಪ್ರಸಂಗ ರಂಗದ ಮೇಲೆ ಒಂದೊಂದೇ ವೇಷವಾಗಿ ಬಂದು ಹೋದ ಹಾಗೆ. ಬೇಲೂರಿನ ನಯ, ಸೂಕ್ಷ್ಮ ಇಲ್ಲಿಲ್ಲ. ಅದನ್ನು ಹುಡುಕಬಾರದು ಕೂಡ. ಕಥೆ ಗೊತ್ತಿರುವ ಜನರಿಗೆ ಕಥೆ ಹೇಳುವ ಆತುರ, ಲವಲವಿಕೆ ಈ ಶಿಲ್ಪಗಳಲ್ಲಿದೆ. ಬೆಳಗಿನ ಓರೆ ಬಿಸಿಲಿನಲ್ಲಿ ಪ್ರದಕ್ಷಿಣೆ ಬಂದರೆ ಸವೆದ ಮುಖಗಳೂ ಸ್ಪಷ್ಟವಾಗುತ್ತವೆ.

ಈ ಕಲ್ಲಿನ ಮಾಡು ಅಲಂಕಾರಕ್ಕೆ ಬಂದದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆ ಬಯಲುಸೀಮೆಯವರ ಊಹೆಗೆ ನಿಲುಕದು. 2022ರ ಆಗಸ್ಟ್ ಮೊದಲ ವಾರ ಭಟ್ಕಳದಲ್ಲಿ ಒಂದೇ ದಿನ 500 ಮಿಲಿಮೀಟರಿಗೂ ಹೆಚ್ಚು ಮಳೆಯಾಗಿ ಪೇಟೆಯೇ ನೀರಿನಲ್ಲಿ ಮುಳುಗಿತ್ತು. ಇಂಥ ನೆಲದಲ್ಲಿ ಚಪ್ಪಟೆ ಚಾವಣಿ ಸೋರುತ್ತದೆ, ಮರ ಕೊಳೆಯುತ್ತದೆ. ನೀರು ನಿಲ್ಲದಂತೆ ಇಳಿಜಾರು, ಕೊಳೆಯದಂತೆ ಕಲ್ಲು ಎಂದು ಇಲ್ಲಿನ ಕುಶಲಕರ್ಮಿಗಳು ಎರಡನ್ನೂ ಕೂಡಿಸಿದರು. ಮೂಡಬಿದಿರೆಯ ಬಸದಿಗಳಲ್ಲೂ ಇದೇ ಜಾಣತನ ಕಾಣುತ್ತದೆ.

ಪೇಟೆಯ ಚಂದ್ರನಾಥೇಶ್ವರ ಬಸದಿ ಈ ಶೈಲಿಯ ಇನ್ನೊಂದು ಮಾದರಿ. ಉದ್ದನೆಯ ಕಟ್ಟಡ, ಎರಡು ಅಂತಸ್ತು, ಮುಂದೆ ಎತ್ತರದ ಜಗಲಿಯ ಮೇಲೆ ಮಾನಸ್ತಂಭ. ಶಿಲ್ಪ ಕಡಿಮೆ, ಗಾಂಭೀರ್ಯ ಹೆಚ್ಚು. ಆಗ ಈ ಸೀಮೆಯನ್ನು ಆಳುತ್ತಿದ್ದವರು ಜೈನ ಸಾಳುವರು. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ ಇದೇ ವಂಶದವಳು. 1552ರಿಂದ 1606ರವರೆಗೆ ಆಳಿದಳು. ಭಟ್ಕಳದಿಂದ ಘಟ್ಟದ ಕಡೆಗೆ ಹೋದರೆ ಸಾಳುವರ ಇನ್ನೊಂದು ನೆಲೆಯಾದ ಹಾಡುವಳ್ಳಿ ಸಿಗುತ್ತದೆ. ಹಿಂದೆ ಸಂಗೀತಪುರ ಎನಿಸಿಕೊಂಡ ಆ ಹಳ್ಳಿಯಲ್ಲಿ ಇಪ್ಪತ್ನಾಲ್ಕು ತೀರ್ಥಂಕರರ ಬಸದಿ ಇದೆ. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವೆಂಬ ಕನ್ನಡ ವ್ಯಾಕರಣ ಬರೆದ ಭಟ್ಟಾಕಳಂಕ ಹಾಡುವಳ್ಳಿಯ ಜೈನ ಮಠದ ಪರಂಪರೆಯವನು. ಮೆಣಸು ಮಾರಿದ ಸೀಮೆ ವ್ಯಾಕರಣವನ್ನೂ ಬೆಳೆಸಿತು.

ಬಂದರಿಗೆ ಬಂದವರಲ್ಲಿ ನೆಲೆ ನಿಂತವರೂ ಇದ್ದರು. ಅರಬ್ ವರ್ತಕರ ಸಂತತಿಯೆಂದು ಹೇಳಿಕೊಳ್ಳುವ ನವಾಯತರು ಇಂದಿಗೂ ಮನೆಯಲ್ಲಿ ಆಡುವುದು ಅರಬ್ಬಿ, ಪಾರಸಿ ಪದಗಳು ಬೆರೆತ ಕೊಂಕಣಿಯನ್ನು. ಅವರ ಜಾಮಿಯಾ ಮಸೀದಿ ಊರವರ ಬಾಯಲ್ಲಿ ಚಿನ್ನದ ಪಳ್ಳಿ. ರಾಮನವಮಿಗೆ ನಡೆಯುವ ಚನ್ನಪಟ್ಟಣ ಹನುಮಂತನ ತೇರಿಗೆ ಮುನ್ನ, ದೇವಸ್ಥಾನದವರು ಹಳೆಯ ನವಾಯತ ಮನೆತನವೊಂದರ ಮನೆಗೆ ವಾದ್ಯಸಮೇತ ಹೋಗಿ ಆಹ್ವಾನ ಕೊಟ್ಟು ಬರುವ ಸಂಪ್ರದಾಯ ಈಗಲೂ ಇದೆ. ಭಟ್ಕಳದ ಬಗ್ಗೆ ಮಾತನಾಡುವವರೆಲ್ಲ ಇದನ್ನೂ ತಿಳಿದಿರಬೇಕು.

ಗೇರುಸೊಪ್ಪೆಯ ಆಳ್ವಿಕೆ ಮುಗಿದ ಮೇಲೆ ಸೀಮೆ ಕೆಳದಿಯವರಿಗೆ ಸೇರಿತು. ಕೋರ್ಟೀನ್ ಎಂಬ ಇಂಗ್ಲಿಷ್ ವ್ಯಾಪಾರಿ ಸಂಘದ ಹಡಗುಗಳು 1637ರಲ್ಲಿ ಇಲ್ಲಿಗೆ ಬಂದವು. ಅವುಗಳ ಜೊತೆಗಿದ್ದ ಪ್ರವಾಸಿ ಪೀಟರ್ ಮಂಡಿ ಘಟ್ಟ ಹತ್ತಿ ಇಕ್ಕೇರಿಯನ್ನೂ ಕಂಡು ಬಂದ. ಮೆಣಸಿನ ಆಸೆಯಿಂದ ಉಳಿದ ಇಂಗ್ಲಿಷರು ಬಹುಕಾಲ ಬಾಳಲಿಲ್ಲ. ಜಾರ್ಜ್ ವೈ ಎಂಬ ವ್ಯಾಪಾರಿ, ವಿಲಿಯಂ ಬಾರ್ಟನ್ ಎಂಬ ಶಸ್ತ್ರವೈದ್ಯ ಸೇರಿ ಮೂವರ ಸಮಾಧಿಗಳು ಇಲ್ಲಿವೆ. ಅವುಗಳ ಮೇಲಿನ ಕಾಲ 1637-38. ಕರ್ನಾಟಕದಲ್ಲಿ ಇಂಗ್ಲಿಷರ ಇಷ್ಟು ಹಳೆಯ ಗುರುತುಗಳು ಹೆಚ್ಚಿಲ್ಲ.

ನೋಡಲು ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಕೊಂಕಣ ರೈಲ್ವೆಯ ನಿಲ್ದಾಣ ಊರಿನಲ್ಲೇ ಇದೆ. ಬೆಳಿಗ್ಗೆ ಮೂಡಭಟ್ಕಳ, ಬಿಸಿಲೇರುವಷ್ಟರಲ್ಲಿ ಪೇಟೆಯ ಬಸದಿ, ಸಂಜೆ ಬಂದರು ಮತ್ತು ದೀಪಸ್ತಂಭ ಎಂದಿಟ್ಟುಕೊಂಡರೆ ಒಂದು ದಿನ ತುಂಬುತ್ತದೆ. ಪೂಜೆ ನಡೆಯುವ ಗುಡಿಗಳಲ್ಲಿ ಅರ್ಚಕರ ಅನುಮತಿ ಕೇಳಿ ಚಿತ್ರ ತೆಗೆಯಿರಿ. ಮಧ್ಯಾಹ್ನ ಭಟ್ಕಳಿ ಬಿರಿಯಾನಿ, ಸಿಕ್ಕರೆ ಶಾವಿಗೆಯ ಬಿರಿಯಾನಿ. ಹೊರಡುವಾಗ ಒಂದು ಮೊಳ ಭಟ್ಕಳ ಮಲ್ಲಿಗೆ.

ಈ ಸ್ಮಾರಕಗಳಲ್ಲಿ ಹಲವು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ಕಾವಲು ಕಲ್ಲನ್ನು ಉಳಿಸಬಹುದು, ಅದರ ಕಥೆಯನ್ನು ಉಳಿಸುವವರು ನೋಡುಗರು. ಹಂಪಿ, ಬೇಲೂರಿಗೆ ಹೋಗುವ ಶಾಲಾ ಪ್ರವಾಸಗಳು ವರ್ಷಕ್ಕೊಮ್ಮೆ ಇಲ್ಲಿಗೂ ಬರಲಿ. ಒಂದು ಊರನ್ನು ಅರಸರಷ್ಟೇ ಕಟ್ಟುವುದಿಲ್ಲ, ದುಡಿಯುವವರೂ ವ್ಯಾಪಾರಿಗಳೂ ಬೇರೆ ಬೇರೆ ದೇವರನ್ನು ನಂಬಿದ ನೆರೆಯವರೂ ಸೇರಿ ಕಟ್ಟುತ್ತಾರೆ ಎಂಬುದನ್ನು ಮಕ್ಕಳಿಗೆ ತೋರಿಸಿ ಹೇಳಲು ಭಟ್ಕಳಕ್ಕಿಂತ ಒಳ್ಳೆಯ ಜಾಗ ನಮ್ಮ ಕರಾವಳಿಯಲ್ಲಿ ನನಗೆ ಕಂಡಿಲ್ಲ.